ಡಬ್ಲ್ಯುಎಸ್‌ಎಲ್2ನಲ್ಲಿ ಗಿಟ್ ಸ್ಟೇಟಸ್ ತುಂಬಾ ಸ್ಲೋ, ಎಲ್ಲಿ ನೋಡ್ಬೇಕು?

ಪ್ರಶ್ನೆ:
ವಿಂಡೋಸ್ 11, ಡಬ್ಲ್ಯುಎಸ್‌ಎಲ್2 (ವಿಂಡೋಸ್‌ನಲ್ಲೇ ಲಿನಕ್ಸ್ ಓಡ್ಸೋ ಸೌಲಭ್ಯ) ಒಳಗೆ ಉಬುಂಟು. ಆಫೀಸ್ ರೆಪೊ (ಗಿಟ್‌ನಲ್ಲಿರೋ ಕೋಡ್ ಫೋಲ್ಡರ್) ಸ್ವಲ್ಪ ದೊಡ್ಡದೇ, ಏನೇನು ಬದಲಾಗಿದೆ ಅಂತ ನೋಡೋಕೆ ಗಿಟ್ ಸ್ಟೇಟಸ್ ಕೊಟ್ರೆ 15 ಸೆಕೆಂಡ್ ತಗೊಳ್ಳುತ್ತೆ, ಬರೀ ಎಂಟರ್ ಒತ್ತಿದ್ರೂ ಪ್ರಾಂಪ್ಟ್ ವಾಪಸ್ ಬರೋಕೆ ಅಷ್ಟೇ ಹೊತ್ತು. ಗಿಟ್ ಜಿಸಿ ಮಾಡಿ ನೋಡಿದೆ, ಏನೂ ವ್ಯತ್ಯಾಸ ಇಲ್ಲ. ಲೈಬ್ರರಿಗಳಿರೋ ನೋಡ್ ಮಾಡ್ಯೂಲ್ಸ್ (node_modules) ಫೋಲ್ಡರ್ ಭಾರಿ ಇದೆ, ಅದೇ ಕಾರಣನಾ? ಟೀಮಲ್ಲಿ ಮ್ಯಾಕ್ ಇರೋರಿಗೆ ಇದೇ ರೆಪೊ ಚೆನ್ನಾಗ್ ಓಡ್ತಿದೆ.

ಉತ್ತರ 1:
ರೆಪೊ ಯಾವ ಫೋಲ್ಡರಲ್ಲಿ ಇಟ್ಟಿದೀರ? ಉಬುಂಟು ಹೋಮ್ ಒಳಗಾ ಇಲ್ಲ ಸಿ ಡ್ರೈವ್‌ನಲ್ಲಾ?

ಪ್ರಶ್ನೆ ಕೇಳಿದವರು:
ಸಿ ಡ್ರೈವ್‌ನಲ್ಲೇ ಸರ್, ಉಬುಂಟುವಿಂದ ಎಂಎನ್‌ಟಿ ಸಿ (/mnt/c) ಮೂಲಕ ಓಪನ್ ಮಾಡ್ತೀನಿ.

ಉತ್ತರ 2:
ಹಾಗಾದ್ರೆ ಮೊದಲು ಅನುಮಾನ ಪಡ್ಬೇಕಾದ್ದು ಅದನ್ನೇ. ಗಿಟ್ ಸ್ಟೇಟಸ್ ಇಂಡೆಕ್ಸ್‌ನಲ್ಲಿರೋ (ಅಂದ್ರೆ ಗಿಟ್ ಲೆಕ್ಕ ಇಟ್ಟಿರೋ ಪಟ್ಟಿಲಿರೋ) ಒಂದೊಂದು ಫೈಲ್‌ಗೂ ಸೈಜು ಎಷ್ಟು, ಯಾವಾಗ ಬದಲಾಗಿದೆ ಅಂತ ಡಿಸ್ಕನ್ನ ಕೇಳುತ್ತೆ, ಆಮೇಲೆ ಹೊಸ ಫೈಲ್ ಇದೆಯಾ ಅಂತ ಫೋಲ್ಡರೆಲ್ಲಾ ಸುತ್ತುತ್ತೆ. ಉಬುಂಟು ಒಳಗಿಂದ ಸಿ ಡ್ರೈವ್ ಮುಟ್ಟಿದ್ರೆ ಆ ಪ್ರತಿ ಸಣ್ಣ ಪ್ರಶ್ನೆನೂ 9ಪಿ ಅನ್ನೋ ಪ್ರೋಟೋಕಾಲ್ ಮೂಲಕ ವಿಂಡೋಸ್ ಕಡೆಗೆ ಹೋಗಿ ಬರ್ಬೇಕು, ಸಾವಿರಾರು ಫೈಲ್ ಇದ್ರೆ ಅಷ್ಟೂ ಸಲ ಓಡಾಟ, ಟೈಮೆಲ್ಲಾ ಅಲ್ಲೇ ಹೋಗುತ್ತೆ. ಗಿಟ್ ಜಿಸಿ ಹಳೇ ಕಮಿಟ್‌ಗಳ ಆಬ್ಜೆಕ್ಟ್ ಪ್ಯಾಕ್ ಮಾಡೋದು, ಈ ಓಡಾಟ ಅದರಿಂದ ಕಮ್ಮಿ ಆಗಲ್ಲ. ನೋಡ್ ಮಾಡ್ಯೂಲ್ಸ್ ಗಿಟ್‌ಇಗ್ನೋರ್‌ನಲ್ಲಿದ್ರೆ (ಗಿಟ್ ಲೆಕ್ಕಕ್ಕೆ ತಗೋಬಾರದ ಫೈಲ್‌ಗಳ ಪಟ್ಟಿ) ಗಿಟ್ ಅದರೊಳಗೆ ಇಳಿಯೋದೇ ಇಲ್ಲ, ಅದನ್ನ ಬಿಡಿ.

ನನ್ ಮಾತು ನಂಬ್ಬೇಡಿ, ಅಳೆದು ನೋಡಿ. ಟ್ರೇಸ್2 ಪರ್ಫ್ (GIT_TRACE2_PERF) ವೇರಿಯಬಲ್‌ಗೆ 1 ಕೊಟ್ಟು ಸ್ಟೇಟಸ್ ಓಡ್ಸಿದ್ರೆ ಇಂಡೆಕ್ಸ್ ರಿಫ್ರೆಶ್‌ಗೆ ಎಷ್ಟು, ಅನ್‌ಟ್ರ್ಯಾಕ್ಡ್ (ಇನ್ನೂ ಗಿಟ್‌ಗೆ ಸೇರಿಸದ) ಫೈಲ್ ಹುಡುಕೋಕೆ ಎಷ್ಟು ಅಂತ ಸಾಲು ಸಾಲಾಗಿ ತೋರ್ಸುತ್ತೆ. ಎರಡೂ ಜಾಸ್ತಿ ಇದ್ರೆ ಡಿಸ್ಕ್ ದಾರಿದೇ ತೊಂದರೆ, ಎರಡನೇದು ಮಾತ್ರ ಜಾಸ್ತಿ ಇದ್ರೆ ಅನ್‌ಟ್ರ್ಯಾಕ್ಡ್ ಕ್ಯಾಶ್ ಆನ್ ಮಾಡಿ ನೋಡ್ಬಹುದು. ಆಮೇಲೆ ಅದೇ ರೆಪೊ ಉಬುಂಟು ಹೋಮ್‌ಗೆ ಕ್ಲೋನ್ ಮಾಡಿ ಹೋಲ್ಸಿ. ಎಂಟರ್ ಒತ್ತಿದಾಗ ನಿಲ್ಲೋದು ನಿಮ್ ಪ್ರಾಂಪ್ಟ್ ಪ್ರತಿ ಸಲ ಸ್ಟೇಟಸ್ ಕೇಳೋದ್ರಿಂದ ಇರ್ಬೇಕು.

ಉತ್ತರ 1:
ಎಫ್‌ಎಸ್‌ಮಾನಿಟರ್ (ಯಾವ ಫೈಲ್ ಬದಲಾಯ್ತು ಅಂತ ಗಮನಿಸ್ತಾ ಇರೋದು) ಆನ್ ಮಾಡಿದ್ರೆ ಸಾಕಲ್ವಾ?

ಉತ್ತರ 2:
ಗಿಟ್ ಒಳಗೇ ಇರೋ ಎಫ್‌ಎಸ್‌ಮಾನಿಟರ್ 2022ರ 2.37ರಲ್ಲಿ ಬಂದಾಗ ವಿಂಡೋಸ್, ಮ್ಯಾಕ್‌ಗೆ ಮಾತ್ರ ಇತ್ತು. ಇವ್ರು ಓಡ್ಸ್ತಿರೋದು ಲಿನಕ್ಸ್ ಗಿಟ್, ಇಲ್ಲಿ ಅದನ್ನ ನಂಬ್ಕೊಂಡು ಕೂರೋದ್ರಲ್ಲಿ ಅರ್ಥ ಇಲ್ಲ.

ಪ್ರಶ್ನೆ ಕೇಳಿದವರು:
ಟ್ರೇಸ್‌ನಲ್ಲಿ ಎರಡೂ ಜಾಸ್ತಿನೇ ಇತ್ತು ಸರ್. ಹೋಮ್‌ನಲ್ಲಿ ಕ್ಲೋನ್ ಮಾಡಿದ್ಮೇಲೆ ಒಂದು ಸೆಕೆಂಡ್ ಕೂಡ ಆಗ್ತಿಲ್ಲ, ಪ್ರಾಂಪ್ಟೂ ತಕ್ಷಣ ಬರ್ತಿದೆ!! ತುಂಬಾ ಥ್ಯಾಂಕ್ಸ್. ಹಳೇ ಫೋಲ್ಡರ್ ಡಿಲೀಟ್ ಮಾಡ್ಲಾ?

ಉತ್ತರ 2:
ಈಗ್ಲೇ ಬೇಡ. ಪುಶ್ ಮಾಡದ ಬ್ರಾಂಚ್ ಇದೆಯಾ, ಗಿಟ್ ಸ್ಟ್ಯಾಶ್ ಲಿಸ್ಟ್‌ನಲ್ಲಿ (ಕಮಿಟ್ ಮಾಡದೆ ಪಕ್ಕಕ್ಕಿಟ್ಟ ಬದಲಾವಣೆಗಳು) ಏನಾದ್ರೂ ಇದೆಯಾ ನೋಡಿ, ಸ್ಟ್ಯಾಶ್ ಕ್ಲೋನ್ ಜೊತೆ ಬರಲ್ಲ, ಇದ್ರೆ ಒಂದು ಬ್ರಾಂಚ್‌ಗೆ ಕಮಿಟ್ ಮಾಡಿ ಪುಶ್ ಮಾಡಿ. ಗಿಟ್‌ಇಗ್ನೋರ್‌ನಲ್ಲಿರೋ ಎನ್ವ್ (.env, ಸೆಟ್ಟಿಂಗ್ಸ್ ಇರೋ) ಫೈಲ್ ಕೈಯಲ್ಲೇ ಕಾಪಿ ಮಾಡ್ಬೇಕು. ಆಮೇಲೆ ಡಿಲೀಟ್ ಮಾಡಿ.