ಥಂಡರ್‌ಬರ್ಡ್‌ನಲ್ಲಿ ಒಂದೇ ಅಕೌಂಟ್ ಎರಡು ಸಲ ಇದೆ, ಒಂದನ್ನು ತೆಗೆಯುವುದು ಹೇಗೆ?

ಪ್ರಶ್ನೆ: ಸರ್, ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಹೋದ ತಿಂಗಳು ನಾವು ಮೇಲ್ ನೋಡುವ ಪ್ರೋಗ್ರಾಂ ಥಂಡರ್‌ಬರ್ಡ್‌ಗೆ ಮೇಲ್ ಬರುವುದು ನಿಂತಿತ್ತು. ಸರಿಮಾಡಲು ಬಂದ ಹುಡುಗ ಅದೇ ಅಡ್ರೆಸ್‌ಗೆ ಇನ್ನೊಂದು ಅಕೌಂಟ್ ಸೇರಿಸಿ ಹೋದ. ಈಗ ಪ್ರತಿ ಆರ್ಡರ್ ಎರಡೆರಡು ಸಲ ಕಾಣುತ್ತೆ. ಮೊನ್ನೆ ಒಂದೇ ಮದುವೆ ಕಾರ್ಡಿಗೆ ಎರಡು ಸಲ ಪ್ರೂಫ್ ಕಳಿಸಿ ನಗೆಪಾಟಲಾಯಿತು. ಹಳೇ ಅಕೌಂಟಿನ ಮೇಲ್‌ಗಳನ್ನೆಲ್ಲ ಡಿಲೀಟ್ ಮಾಡಿ, ಖಾಲಿಯಾದ ಮೇಲೆ ಅದನ್ನು ತೆಗೆಯೋಣ ಅಂತಿದ್ದೇನೆ. ಸರಿ ತಾನೇ?

ಉತ್ತರ: ಮೇಡಂ, ಆ ಡಿಲೀಟ್ ಮಾತ್ರ ಬೇಡ! ಮೊದಲು ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಎರಡರ ಸರ್ವರ್ ಸೆಟ್ಟಿಂಗ್ಸ್ ತೆರೆದು, ಮೇಲ್ಗಡೆ ಸರ್ವರ್ ಟೈಪ್ ಏನಿದೆ ಹೇಳಿ. ಪಾಪ್ ಅಥವಾ ಐಮ್ಯಾಪ್ ಅಂತಿರುತ್ತೆ, ಇವು ಸರ್ವರ್‌ನಿಂದ ಮೇಲ್ ತರಿಸಿಕೊಳ್ಳುವ ಎರಡು ವಿಧಾನ. ಒಂದೇ ಸರ್ವರ್, ಒಂದೇ ಯೂಸರ್‌ನೇಮ್ ಇರುವ ಐಮ್ಯಾಪ್ ಅಕೌಂಟನ್ನು ಥಂಡರ್‌ಬರ್ಡ್ ಎರಡು ಸಲ ಸೇರಿಸಲು ಬಿಡುವುದಿಲ್ಲ. ಹಾಗಾಗಿ ಒಂದು ಪಾಪ್, ಇನ್ನೊಂದು ಐಮ್ಯಾಪ್ ಇರಬೇಕು ಅನ್ನೋದು ನನ್ನ ಅನುಮಾನ.

ಪ್ರಶ್ನೆ: ಹೌದು ಸರ್, ಹಳೇದು ಪಾಪ್, ಹೊಸದು ಐಮ್ಯಾಪ್. 2018ರ ಬಿಲ್ಲುಗಳು ಹಳೇದರಲ್ಲಿ ಮಾತ್ರ ಕಾಣುತ್ತಿವೆ.

ಉತ್ತರ: ನೋಡಿ, ಇದಕ್ಕೇ ಕೇಳಿದ್ದು. ಐಮ್ಯಾಪ್ ಅಂದರೆ ಸರ್ವರ್‌ನಲ್ಲಿ ಇರುವುದನ್ನೇ ತೋರಿಸುವ ಕಿಟಕಿ. ಪಾಪ್ ಹಾಗಲ್ಲ, ಮೇಲನ್ನು ನಿಮ್ಮ ಹಾರ್ಡ್‌ಡಿಸ್ಕ್‌ಗೆ ಇಳಿಸಿಕೊಳ್ಳುತ್ತೆ, ಸೆಟ್ಟಿಂಗ್ ನೋಡಿಕೊಂಡು ಸರ್ವರ್‌ನಿಂದ ಅಳಿಸಿಯೂ ಬಿಡುತ್ತೆ. ಆ ಬಿಲ್ಲುಗಳು ಈಗ ಆ ಒಂದು ಕಂಪ್ಯೂಟರ್‌ನಲ್ಲಿ ಮಾತ್ರ ಉಳಿದಿರಬಹುದು. ಪಾಪ್‌ನ ಸೆಂಟ್ ಫೋಲ್ಡರ್ ಕಥೆಯೂ ಅಷ್ಟೇ, ಅದನ್ನು ಜಾಸ್ತಿ ಜನ ಮರೆಯುತ್ತಾರೆ.

ಮೊದಲು ಬ್ಯಾಕಪ್. ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್‌ನಲ್ಲಿ ಪ್ರೊಫೈಲ್ ಫೋಲ್ಡರ್ (ನಿಮ್ಮ ಮೇಲ್, ಸೆಟ್ಟಿಂಗ್ ಎಲ್ಲ ಇರುವ ಜಾಗ) ತೆರೆಯುವ ಬಟನ್ ಇದೆ. ತೆರೆದು, ಥಂಡರ್‌ಬರ್ಡ್ ಪೂರ್ತಿ ಮುಚ್ಚಿ, ಆ ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಪಾಪ್ ಮೇಲ್ ಸಾಮಾನ್ಯವಾಗಿ 'ಮೇಲ್' ಎಂಬ ಫೋಲ್ಡರ್ ಒಳಗಿರುತ್ತೆ. ಅಲ್ಲಿ ಹೆಸರಿನ ಕೊನೆಗೆ ಚುಕ್ಕಿ ಹಾಕಿದ ಬಾಲವಿಲ್ಲದ 'ಇನ್‌ಬಾಕ್ಸ್' ಅನ್ನುವ ಫೈಲೇ ನಿಮ್ಮ ಮೇಲ್. ಪಕ್ಕದ, ಎಂಎಸ್‌ಎಫ್ ಬಾಲವಿರುವ ಫೈಲ್ ಬರೀ ಸೂಚಿ.

ಆಮೇಲೆ ಥಂಡರ್‌ಬರ್ಡ್‌ನ ಲೋಕಲ್ ಫೋಲ್ಡರ್ಸ್‌ನಲ್ಲಿ (ಕಂಪ್ಯೂಟರ್‌ನಲ್ಲೇ ಉಳಿಯುವ ಫೋಲ್ಡರ್‌ಗಳು) 'ಹಳೆ ಬಿಲ್' ಅಂತ ಒಂದು ಫೋಲ್ಡರ್ ಮಾಡಿ, ಹಳೇ ಇನ್‌ಬಾಕ್ಸ್, ಸೆಂಟ್ ಎರಡರಲ್ಲಿರುವುದನ್ನೂ ಅಲ್ಲಿಗೆ ಕಾಪಿ ಮಾಡಿ. ಮೂವ್ ಬೇಡ, ಕಾಪಿ. ಸಾವಿರ ಸಾವಿರದಂತೆ ಮಾಡಿದರೆ ಸಿಸ್ಟಮ್ ಒದ್ದಾಡುವುದಿಲ್ಲ. ಎರಡೂ ಕಡೆ ಮೇಲ್‌ಗಳ ಲೆಕ್ಕ ಒಂದೇ ಬರಬೇಕು. ಸಿಗ್ನೇಚರ್ (ಮೇಲ್ ಕೊನೆಗೆ ತಾನೇ ಬರುವ ಹೆಸರು-ವಿಳಾಸ), ಫಿಲ್ಟರ್ (ಮೇಲ್ ವಿಂಗಡಿಸುವ ನಿಯಮ) ಎರಡೂ ಅಕೌಂಟಿನ ಜೊತೆಗೇ ಹೋಗುತ್ತವೆ, ಬೇಕಾದರೆ ಮೊದಲೇ ಬರೆದಿಟ್ಟುಕೊಳ್ಳಿ.

ಇಷ್ಟಾದ ಮೇಲೆ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಪಾಪ್ ಅಕೌಂಟ್ ಆರಿಸಿ, ಕೆಳಗಿನ ಅಕೌಂಟ್ ಆಕ್ಷನ್ಸ್‌ನಿಂದ ರಿಮೂವ್ ಅಕೌಂಟ್ ಒತ್ತಿ. 'ರಿಮೂವ್ ಮೆಸೇಜ್ ಡೇಟಾ' ಅಂತ ಚೌಕ ಬರುತ್ತೆ. ಅದಕ್ಕೆ ಟಿಕ್ ಹಾಕಬೇಡಿ.

ಇನ್ನೊಬ್ಬ ಸದಸ್ಯರು: ನಾನು ಸುಮ್ನೆ ಆ ಟಿಕ್ ಹಾಕಿಬಿಟ್ಟೆ ಸರ್, ಈಗ?

ಉತ್ತರ: ತೆಗೆದದ್ದು ಐಮ್ಯಾಪ್ ಆಗಿದ್ದರೆ ಗಾಬರಿ ಬೇಡ. ಅಳಿದದ್ದು ಕಂಪ್ಯೂಟರ್‌ನ ಪ್ರತಿ ಮಾತ್ರ, ಅಕೌಂಟ್ ಮತ್ತೆ ಸೇರಿಸಿದರೆ ಮೇಲ್ ಇಳಿದು ಬರುತ್ತೆ. ಪಾಪ್ ಆಗಿದ್ದರೆ ಹಳೇ ಬ್ಯಾಕಪ್ ಹುಡುಕಿ. ಅಲ್ಲಿಯವರೆಗೆ ಆ ಡಿಸ್ಕ್ ಮೇಲೆ ಹೊಸದೇನೂ ಹಾಕಬೇಡಿ.

ಪ್ರಶ್ನೆ ಕೇಳಿದವರು: ಆಯ್ತು ಸರ್. ಎರಡೂ ಕಡೆ 6,214 ಬಂತು, ಹಳೇದು ತೆಗೆದೆ. ಪ್ರೂಫ್ ಈಗ ಒಂದೇ ಹೋಗುತ್ತಿದೆ. ಸಿಗ್ನೇಚರ್ ಬರೆದಿಟ್ಟುಕೊಳ್ಳುವುದು ಮಾತ್ರ ಮರೆತೆ!

ಉತ್ತರ: ಪರವಾಗಿಲ್ಲ, 'ಹಳೆ ಬಿಲ್'ಗೆ ಕಾಪಿಯಾದ ಸೆಂಟ್‌ನ ಯಾವುದಾದರೂ ಹಳೇ ಮೇಲ್ ತೆರೆದು ಕೆಳಗಡೆ ನೋಡಿ, ಅಲ್ಲೇ ಇರುತ್ತೆ.