ಸೇಂಟ್ ಲೂಸಿಯಾದಲ್ಲಿ ಕ್ರೂಸ್ ಹಡಗು ನಿಲ್ಲುವುದು ಒಂದೇ ಹಗಲು: ಸೂಫ್ರಿಯೆರ್‌ಗೆ ಹೋಗಬೇಕಾ, ಬೇಡವಾ?

ನೀಲಿಕೊಡೆ:
ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಮಯಾಮಿಯಿಂದ ಕ್ರೂಸ್ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಹನ್ನೊಂದು ವರ್ಷದ ಮಗ, ಜೊತೆಗೆ ಅಮ್ಮ ಮತ್ತು ಅತ್ತೆ. ಕೆರಿಬಿಯನ್ ದ್ವೀಪ ಸೇಂಟ್ ಲೂಸಿಯಾದಲ್ಲಿ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಹಡಗು ನಿಲ್ಲುತ್ತದೆ. ಎಲ್ಲಿ ನೋಡಿದರೂ ಪಿಟನ್ ಅನ್ನುವ ಆ ಎರಡು ಚೂಪು ಬೆಟ್ಟಗಳದ್ದೇ ಫೋಟೋ, ಅವನ್ನು ನೋಡದೆ ಬಂದರೆ ಹೋಗಿದ್ದೇ ದಂಡ ಅನ್ನುವ ಹಾಗೆ. ಹಡಗಿನವರೇ ಮಾಡಿಸುವ ಟೂರ್ ಐದು ಜನಕ್ಕೆ ಲೆಕ್ಕ ಹಾಕಿದರೆ ಎದೆ ಧಸಕ್ಕೆನ್ನುತ್ತದೆ. ಬಂದರಿನಲ್ಲೇ ಟ್ಯಾಕ್ಸಿ ಹಿಡಿದರೆ ಆಗಲ್ವಾ? ಅಮ್ಮನಿಗೆ ಮಂಡಿನೋವು. ಅತ್ತೆ ಮಾತ್ರ ಜ್ವಾಲಾಮುಖಿಯ ಕೆಸರಿನಲ್ಲಿ ಸ್ನಾನ ಮಾಡಿಯೇ ಸಿದ್ಧ ಅಂತ ಕೂತಿದ್ದಾರೆ. ಇನ್ನೊಂದು, ಅಮ್ಮ ಅತ್ತೆ ಇಬ್ಬರೂ ಶುದ್ಧ ಸಸ್ಯಾಹಾರಿಗಳು.

ಕಡಲಕಾಗೆ:
ಎರಡು ಸಲ ಹೋಗಿದ್ದೇನೆ. ಒಂದು ಸಲ ರಸ್ತೆಯಲ್ಲಿ, ಒಂದು ಸಲ ದೋಣಿಯಲ್ಲಿ. ಹಡಗು ನಿಲ್ಲುವುದು ರಾಜಧಾನಿ ಕ್ಯಾಸ್ಟ್ರೀಸ್‌ನಲ್ಲಿ, ಪಿಟನ್‌ಗಳಿರುವುದು ದಕ್ಷಿಣದ ಸೂಫ್ರಿಯೆರ್ ಊರಿನ ಹತ್ತಿರ. ನಕ್ಷೆಯಲ್ಲಿ ಬೆರಳಿನಷ್ಟು ದೂರ, ಆದರೆ ಪಶ್ಚಿಮ ಕರಾವಳಿಯ ಆ ರಸ್ತೆ ಏರು, ಇಳಿತ, ತಿರುವು, ಮತ್ತೆ ತಿರುವು. ಹೋಗಲು ಒಂದು ಗಂಟೆ ಮೇಲೇ ಬೇಕು, ನಡುವೆ ಆನ್ಸ್ ಲಾ ರೇ ಅನ್ನುವ ಮೀನುಗಾರರ ಊರಲ್ಲಿ ನಿಂತರೆ ಇನ್ನೂ ಜಾಸ್ತಿ. ವಾಂತಿ ಬರುವವರಿದ್ದರೆ ಮಾತ್ರೆ ಮೊದಲೇ ಕೊಟ್ಟುಬಿಡಿ.

ದೋಣಿ ಚೆನ್ನ. ನೀರಿನಿಂದ ನೋಡಿದರೆ ಗ್ರೋ ಪಿಟನ್, ಪೆಟಿ ಪಿಟನ್ ಎರಡೂ ಸಮುದ್ರದಿಂದ ನೇರ ಎದ್ದು ನಿಂತ ಹಾಗೆ ಕಾಣುತ್ತವೆ (ದೊಡ್ಡದು ಸುಮಾರು 800 ಮೀಟರ್, ಚಿಕ್ಕದು 743, ಆದರೆ ಚಿಕ್ಕದೇ ಹೆಚ್ಚು ಕಡಿದಾಗಿದೆ). ತೊಂದರೆ ಅಂದರೆ ಹತ್ತುವಾಗ, ಇಳಿಯುವಾಗ ದೋಣಿ ಅಲ್ಲಾಡುತ್ತದೆ. ಮಂಡಿನೋವಿನವರಿಗೆ ಅದೇ ಕಷ್ಟ. ನಿಮ್ಮ ಅಮ್ಮ ಇರುವುದರಿಂದ ನಾನು ಟ್ಯಾಕ್ಸಿಯೇ ಅನ್ನುತ್ತೇನೆ. ಗ್ರೋ ಪಿಟನ್ ಹತ್ತುವ ಯೋಚನೆ ಯಜಮಾನರಿಗಿದ್ದರೆ ಈಗಲೇ ಬಿಡಿಸಿ, ಹತ್ತಿ ಇಳಿಯುವುದರಲ್ಲೇ ದಿನ ಮುಗಿಯುತ್ತದೆ.

ಟ್ಯಾಕ್ಸಿ ಮಾತಾಡುವಾಗ ಒಂದೇ ಪ್ರಶ್ನೆ ಮರೆಯಬೇಡಿ: ಯಾವ ಡಾಲರ್? ಅಲ್ಲಿನ ಹಣ ಈಸ್ಟ್ ಕೆರಿಬಿಯನ್ ಡಾಲರ್, ಎಲ್ಲರೂ ಇಸಿ ಅನ್ನುತ್ತಾರೆ. 1976ರಿಂದ ಒಂದು ಅಮೆರಿಕನ್ ಡಾಲರ್‌ಗೆ 2.70 ಇಸಿ, ಬದಲಾಗಿಯೇ ಇಲ್ಲ. ಮೊದಲ ಸಲ ಒಬ್ಬ ಡ್ರೈವರ್ "ನಲವತ್ತು" ಅಂದ, ನಾವು ಇಸಿ ಅಂದುಕೊಂಡು ಖುಷಿಯಾಗಿ ಹತ್ತಿದೆವು, ಇಳಿಯುವಾಗ ಅದು ಅಮೆರಿಕನ್ ಡಾಲರ್ ಆಗಿತ್ತು. ತಪ್ಪು ನಮ್ಮದೇ, ಕೇಳಲಿಲ್ಲ. ಇನ್ನು ಅಂಗಡಿಯಲ್ಲಿ ಅಮೆರಿಕನ್ ಡಾಲರ್ ಕೊಟ್ಟರೆ ಚಿಲ್ಲರೆ ಹೆಚ್ಚಾಗಿ ಇಸಿಯಲ್ಲೇ ಬರುತ್ತದೆ, ಸಣ್ಣ ನೋಟು ಇಟ್ಟುಕೊಳ್ಳಿ.

ಗಡಿಯಾರದ್ದೂ ಹೇಳಿಬಿಡುತ್ತೇನೆ. ಜನವರಿಯಲ್ಲಿ ಮಯಾಮಿಗಿಂತ ಸೇಂಟ್ ಲೂಸಿಯಾ ಒಂದು ಗಂಟೆ ಮುಂದೆ. ಕೆಲವು ಹಡಗುಗಳು ಗಡಿಯಾರ ಬದಲಿಸುತ್ತವೆ, ಕೆಲವು ಬದಲಿಸುವುದಿಲ್ಲ. 5 ಗಂಟೆ ಅಂದರೆ ಯಾರ 5 ಗಂಟೆ ಅಂತ ಹಿಂದಿನ ರಾತ್ರಿಯೇ ಕೇಳಿಕೊಳ್ಳಿ. ಹಡಗಿನ ಟೂರ್ ತಡವಾದರೆ ಕಾಯುತ್ತಾರೆ. ನಿಮ್ಮ ಟ್ಯಾಕ್ಸಿ ತಡವಾದರೆ ದಡದಲ್ಲಿ ನಿಂತು ಟಾಟಾ ಮಾಡಬೇಕಷ್ಟೆ. ಮಧ್ಯಾಹ್ನ ಎರಡಕ್ಕೆಲ್ಲ ಸೂಫ್ರಿಯೆರ್ ಬಿಟ್ಟುಬಿಡಿ.

ಗೂಗ್ಲಿ99:
ನಾನು ಒಪ್ಪಲ್ಲ. ಮಂಡಿನೋವಿನ ಅಮ್ಮನನ್ನು ಆ ತಿರುವುಗಳಲ್ಲಿ ಕುಲುಕಿಸಿಕೊಂಡು ಹೋಗಿ, ಹತ್ತು ನಿಮಿಷ ಬೆಟ್ಟ ನೋಡಿ, ವಾಚ್ ನೋಡುತ್ತಾ ಓಡಿಬರುವುದು ಪ್ರವಾಸಾನಾ? ಉತ್ತರಕ್ಕೆ ಹೋಗಿ. ರೋಡ್ನಿ ಬೇ ಪಕ್ಕದ ರೆಡುಯಿ ಬೀಚ್‌ನಲ್ಲಿ ಅಮ್ಮ ನೆರಳಲ್ಲಿ ಕಾಲು ಚಾಚಿ ಕೂರಲಿ. ಅಲ್ಲಿಂದ ಪಿಜನ್ ಐಲ್ಯಾಂಡ್ ಹತ್ತಿರ. ಹೆಸರಿಗೆ ದ್ವೀಪ, ಈಗ ಮಣ್ಣು ತುಂಬಿ ದಾರಿ ಮಾಡಿದ್ದಾರೆ. ಮೇಲಿನ ಕೋಟೆಗೆ ಹತ್ತಿದರೆ ಶುಭ್ರ ದಿನದಲ್ಲಿ ಫ್ರೆಂಚರ ಮಾರ್ಟಿನಿಕ್ ಕಾಣುತ್ತದೆ. 1782ರಲ್ಲಿ ಇಂಗ್ಲಿಷ್ ಅಡ್ಮಿರಲ್ ರೋಡ್ನಿ ಫ್ರೆಂಚ್ ಹಡಗುಗಳ ಮೇಲೆ ಕಣ್ಣಿಟ್ಟಿದ್ದು ಇಲ್ಲಿಂದಲೇ. ಸೇಂಟ್ ಲೂಸಿಯಾ ಇಂಗ್ಲಿಷರಿಗೂ ಫ್ರೆಂಚರಿಗೂ ನಡುವೆ ಹದಿನಾಲ್ಕು ಸಲ ಕೈ ಬದಲಾಯಿಸಿದೆ. ಅದಕ್ಕೇ ಊರಿನ ಹೆಸರೆಲ್ಲ ಫ್ರೆಂಚ್, ಗಾಡಿ ಓಡುವುದು ಇಂಗ್ಲಿಷರ ಹಾಗೆ ಎಡಗಡೆ.

ಮಗನಿಗೆ ಕ್ರಿಕೆಟ್ ಹುಚ್ಚಿದ್ದರೆ ಅದೇ ಕಡೆ ಗ್ರೋಸ್ ಐಲೆಟ್‌ನಲ್ಲಿ ಡ್ಯಾರೆನ್ ಸ್ಯಾಮಿ ಮೈದಾನ ಇದೆ. 2024ರ ಟಿ20 ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ರೋಹಿತ್ 41 ಎಸೆತಕ್ಕೆ 92 ಹೊಡೆದದ್ದು ಇಲ್ಲೇ. ಒಳಗೆ ಬಿಡದಿದ್ದರೂ ಗೇಟ್ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ, ನಾಚಿಕೆ ಏನಿಲ್ಲ.

ಪಿಟನ್ ಬೇಕೇ ಬೇಕಾದರೆ, ಮುಂದಿನ ಬಂದರು ಗ್ರೆನಡಾ ಥರ ದಕ್ಷಿಣಕ್ಕಿದ್ದರೆ ಸಂಜೆ ಡೆಕ್ಕಿಂದಲೇ ಕಾಣಬಹುದು. ಪುಕ್ಕಟೆ!

ಕಡಲಕಾಗೆ:
ಗೂಗ್ಲಿ ಅವರೇ, ಜನವರಿಯಲ್ಲಿ ಅಲ್ಲಿ ಆರರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಐದಕ್ಕೆ ಹೊರಟ ಹಡಗಿಂದ ನಿಮಗೆ ಕಾಣುವುದು ಎರಡು ಕಪ್ಪು ತ್ರಿಕೋನ.

ಸೊಪ್ಪಿನಸಾರು:
ಅತ್ತೆಯವರ ಕೆಸರು ಸ್ನಾನದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಸಲ್ಫರ್ ಸ್ಪ್ರಿಂಗ್ಸ್ ಅಂತ ಜಾಗ, ಸೂಫ್ರಿಯೆರ್ ಹತ್ತಿರ. ಕುದಿಯುವ ಬೂದು ಕೆಸರು, ಹೊಗೆ, ಕೊಳೆತ ಮೊಟ್ಟೆ ವಾಸನೆ. ಅದನ್ನು ದೂರದಿಂದ ನೋಡುವುದು, ಸ್ನಾನ ಬೇರೆ ಕಡೆ, ಬೆಚ್ಚಗಿನ ಕೊಳಗಳಲ್ಲಿ. ಹಳೆ, ಗಾಢ ಬಣ್ಣದ ಬಟ್ಟೆ ಹಾಕಿಸಿ, ಕಲೆ ಹೋಗುವುದಿಲ್ಲ. ಬಿಪಿ ಇದ್ದರೆ ಜಾಸ್ತಿ ಹೊತ್ತು ಕೂರಿಸಬೇಡಿ. ಮುಖ್ಯವಾಗಿ ಬೆಳ್ಳಿ ಒಡವೆ ಹಡಗಿನಲ್ಲೇ ಬಿಡಿ. ನಮ್ಮ ಚಿಕ್ಕಮ್ಮ ಕಾಲುಂಗುರ ಹಾಕಿಕೊಂಡೇ ಇಳಿದರು, ಆ ಗಂಧಕದ ನೀರಿಗೆ ಅದು ಕಪ್ಪಾಗಿಹೋಯಿತು. "ಇದೇನು ಅಪಶಕುನ" ಅಂತ ಉಳಿದ ಟ್ರಿಪ್ ಪೂರ್ತಿ ಅದೇ ಮಾತು. ಹುಣಸೆಹಣ್ಣು ಹಾಕಿ ಉಜ್ಜಿದ ಮೇಲೇ ಸಮಾಧಾನ.

ಊಟ: ಗ್ರೀನ್ ಫಿಗ್ ಅಂತ ಬೋರ್ಡ್ ಕಂಡರೆ ಅಂಜೂರ ಅಂದುಕೊಳ್ಳಬೇಡಿ, ಅದು ಬಾಳೆಕಾಯಿ. ಆದರೆ ಅದರ ಜೊತೆ ಉಪ್ಪುಮೀನು ಹಾಕುತ್ತಾರೆ, ಅವರ ರಾಷ್ಟ್ರೀಯ ತಿನಿಸೇ ಅದು. ರೋಟಿ ಸಿಗುತ್ತದೆ. 1859ರಿಂದ ಭಾರತದ ಕೂಲಿಗಳು ಕಬ್ಬಿನ ತೋಟಕ್ಕೆ ಹೋದರಲ್ಲ, ಅವರ ಕಡೆಯ ತಿನಿಸು. ಒಳಗೆ ಪಲ್ಯ ಇಟ್ಟು ಮಡಚಿರುತ್ತಾರೆ. ಆಲೂಗಡ್ಡೆ, ಕಡಲೆಯದ್ದು ಕೇಳಿ, ಕೋಳಿ ಸಾರು ಬೆರೆಸಿಲ್ಲ ತಾನೇ ಅಂತಲೂ ಕೇಳಿ. ಇನ್ನೊಂದು, ಮಗನಿಗೆ ಮಿಲಿಟರಿ ಡಿಸೈನ್ ಚಡ್ಡಿ, ಟೋಪಿ ಬೇಡ. ಅಲ್ಲಿ ಸಾಮಾನ್ಯ ಜನ ಹಾಕುವುದು ಕಾನೂನಿಗೇ ವಿರುದ್ಧ.

ಯಾವ ವಾರ ಹೋಗುತ್ತಿದ್ದೀರಿ? ಭಾನುವಾರ ಆದರೆ ಕ್ಯಾಸ್ಟ್ರೀಸ್ ಮಾರ್ಕೆಟ್ ಹೆಚ್ಚುಕಡಿಮೆ ಬಾಗಿಲು ಹಾಕಿರುತ್ತದೆ.

ನೀಲಿಕೊಡೆ:
ಅಯ್ಯೋ, ಭಾನುವಾರವೇ! ಮಾರ್ಕೆಟ್‌ನಲ್ಲಿ ಜಾಯಿಕಾಯಿ, ಚಕ್ಕೆ ತರುತ್ತೇನೆ ಅಂತ ಅಮ್ಮ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ.

ಹಾಗಾದರೆ ಇಬ್ಭಾಗ ಆಗುತ್ತೇವೆ. ಯಜಮಾನರು, ಅತ್ತೆ ಹಡಗಿನ ಟೂರ್‌ನಲ್ಲಿ ಸೂಫ್ರಿಯೆರ್‌ಗೆ. ಎರಡೇ ಟಿಕೆಟ್, ತಡವಾದರೂ ಭಯವಿಲ್ಲ. ನಾನು, ಅಮ್ಮ, ಮಗ ಟ್ಯಾಕ್ಸಿಯಲ್ಲಿ ರೆಡುಯಿ ಬೀಚ್, ಆಮೇಲೆ ಕ್ರಿಕೆಟ್ ಗೇಟ್. ಇದನ್ನು ಓದಿ ಹೇಳಿದಾಗಿನಿಂದ ಮಗ ಮೊಬೈಲ್‌ನಲ್ಲಿ ಆ 92 ರನ್ನೇ ಮತ್ತೆ ಮತ್ತೆ ನೋಡುತ್ತಿದ್ದಾನೆ.

ಕಡಲಕಾಗೆ:
ಒಳ್ಳೆಯದು. ವಾಪಸ್ ಬರುವಾಗ ಅರ್ಧ ಗಂಟೆ ಉಳಿದರೆ ಕ್ಯಾಸ್ಟ್ರೀಸ್‌ನ ಡೆರೆಕ್ ವಾಲ್ಕಾಟ್ ಚೌಕದಲ್ಲಿ ಅಮ್ಮನನ್ನು ಕೂರಿಸಿ. 1948ರ ಬೆಂಕಿಯಲ್ಲಿ ಊರು ಬಹುಪಾಲು ಸುಟ್ಟುಹೋಯಿತು, ಹಳೆಯದು ಅಂತ ನೋಡಲು ಜಾಸ್ತಿ ಉಳಿದಿಲ್ಲ. ಆದರೆ ಅಲ್ಲೊಂದು ಭಾರೀ ಮರ ಇದೆ, ನಾವು ಮಳೆಮರ ಅನ್ನುತ್ತೇವಲ್ಲ, ಅದೇ. ಭಾನುವಾರ ಎದುರಿನ ಚರ್ಚಿಗೆ ಬಂದವರು ಒಳ್ಳೆ ಬಟ್ಟೆ ಹಾಕಿಕೊಂಡು ಅತ್ತಿತ್ತ ಓಡಾಡುತ್ತಿರುತ್ತಾರೆ. "ಗುಡ್ ಮಾರ್ನಿಂಗ್" ಹೇಳಿಯೇ ಮಾತು ಶುರು ಮಾಡಿ, ಹೇಳದೆ ನೇರ ದಾರಿ ಕೇಳಿದರೆ ಮುಖ ಗಂಟಿಕ್ಕುತ್ತಾರೆ.

ಸೊಪ್ಪಿನಸಾರು:
ಅತ್ತೆಯವರ ಕಾಲುಂಗುರ ಮರೆಯಬೇಡಿ ಮತ್ತೆ.