ಮಾಸ್ತರ್ರನ್ನ ನೆನೆಯೋದು ಹೆಂಗ? ಪದಕ ಕೊಟ್ಟೋ, ವಹಿ ಅಚ್ಚು ಹಾಕ್ಸಿಯೋ?

ಅಹಸನಾಬಾದ್, ಕಲಬುರಗಿ
ನಮ್ಮ ಮಾಸ್ತರ್ರು ತೀರಿಕೊಂಡು ತಿಂಗಳಾಗ್ತಾ ಬಂತು. ಬಹಮನಿ ತಾಮ್ರದ ನಾಣ್ಯ ಗುರುತಿಸೋದ್ರಾಗ ಈ ಕಡೆ ಮೂರೂ ಜಿಲ್ಲಾದಾಗ ಅವರ ಮಾತೇ ಕಡೀ ಮಾತು. ಮುಂದಿನ ತಿಂಗಳ ಸಂಗ್ರಾಹಕರೆಲ್ಲಾ ಕೂಡಿ ಶ್ರದ್ಧಾಂಜಲಿ ಇಟ್ಕೊಂಡೀವಿ. ಫೋಟೊಕ್ಕ ಹಾರ, ಎರಡು ನಿಮಿಷ ಮೌನ, ಆಮ್ಯಾಲ ಅವರ ಹೆಸರಿನ್ಯಾಗ ಹುಡುಗರಿಗೆ ವರ್ಷಾ ಒಂದು ಬೆಳ್ಳಿ ಪದಕ ಅಂತ ಕೆಲವರು ಹೇಳ್ಯಾರ. ನನಗ ಇದು ಸಾಲಂಗಿಲ್ಲ ಅನ್ನಸ್ತದ.

ಅವರ ಮನ್ಯಾಗ ಕಪಾಟು ತುಂಬ ವಹಿ ಅವ. ಒಂದೊಂದು ನಾಣ್ಯಕ್ಕ ಒಂದು ಖಾಕಿ ಲಕೋಟಿ, ಲಕೋಟಿ ಮ್ಯಾಲ ನಂಬರ, ಅದೇ ನಂಬರ ವಹಿಯೊಳಗ. ತೂಕ, ಅಳತಿ, ನಾಣ್ಯ ಹೊಡೆದ ಟಂಕಸಾಲಿ ಯಾವುದು, ಯಾವ ಊರಿಂದ ಬಂತು, ಯಾರು ತಂದ್ರು, ಎಲ್ಲಾ ಬರ್ದಾರ. ಅದು ಅಚ್ಚಾಗಬೇಕು. ನಾಣ್ಯಶಾಸ್ತ್ರದ ದೊಡ್ಡ ವಿದ್ವಾಂಸ ಪಿ.ಎಲ್. ಗುಪ್ತಾ ಅವರು ತೀರಿಕೊಂಡಿದ್ದು 2001ರಾಗ. ಇವತ್ತಿಗೂ ಪಂಚ್ ಮಾರ್ಕ್ ನಾಣ್ಯ, ಅಂದ್ರ ಗುರುತು ಒತ್ತಿದ ಪ್ರಾಚೀನ ಬೆಳ್ಳಿ ನಾಣ್ಯ, ಕೈಗೆ ಬಂತಂದ್ರ ನಾವು ಮೊದಲ ಕೇಳೋದು "ಜಿ.ಎಚ್. ನಂಬರ ಎಷ್ಟು" ಅಂತ. ಗುಪ್ತಾ, ಹಾರ್ಡೇಕರ್ ಇಬ್ಬರೂ ಕೂಡಿ 1985ರಾಗ ತಂದ ಪುಸ್ತಕದ ನಂಬರ ಅದು. ಅವರ ಹೆಸರಿಲ್ಲದ ನಮ್ಮ ಮಾತೇ ಶುರು ಆಗಂಗಿಲ್ಲ.

ಬೀದರ ಕಿಲ್ಲಾ
ಅಣ್ಣಾ, ವಹಿ ಅಚ್ಚಾಗಲಿ, ಯಾರು ಬ್ಯಾಡಂದಾರ? ಆದ್ರ ಓದೋರು ಎಷ್ಟು ಮಂದಿ? ಈಗಿನ ಹುಡುಗರು ನಾಣ್ಯ ಕೈಯಾಗ ಹಿಡಿಯೋದೇ ಬಿಟ್ಟಾರ. ಒಂದು ಹುಡುಗಿಗೆ ಪದಕ ಸಿಕ್ರ ಆ ಮನಿಯೋರು, ಸಾಲಿಯೋರು, ಓಣಿಯೋರು "ಈ ಮಾಸ್ತರ್ರು ಯಾರು" ಅಂತ ಕೇಳ್ತಾರ. ಹೆಸರು ಮಂದಿ ಬಾಯಾಗ ಉಳಿಯೋದು ಹಂಗ.

ಅಹಸನಾಬಾದ್
ಓದೋರು ಕಡಿಮಿ ಇದ್ರೂ ನಡೀತದ. ಅಬ್ದುಲ್ ವಲಿ ಖಾನ್ ಅವರು ಹೈದರಾಬಾದ್ ಮ್ಯೂಸಿಯಂದಾಗಿನ ಬಹಮನಿ ನಾಣ್ಯದ ಪಟ್ಟಿ ತಂದಿದ್ದು 1964ರಾಗ. ಅದನ್ನ ತೆರೆಯೋರು ಬೆರಳೆಣಿಕಿ ಮಂದಿ, ಆದ್ರ ತೆರೆದವರಿಗೆ ಅದು ಬೇಕೇ ಬೇಕು.

ಸುರಪುರದಾಂವ
ನಾ ಸಣ್ಣಾಂವ ಇದ್ದಾಗ ನಮ್ಮಮ್ಮ ಕೊಟ್ಟ ಹಾಲಿ ಸಿಕ್ಕಾ, ಅಂದ್ರ ಹೈದರಾಬಾದ್ ನಿಜಾಮರ ರೂಪಾಯಿ, ತಗೊಂಡು ಮಾಸ್ತರ್ರ ಹಂತ್ಯಾಕ ಹೋಗಿದ್ದೆ. ಬೆಲಿ ಎಷ್ಟು ಅಂತ ಕೇಳಿದೆ. ಬೆಲಿ ಹೇಳಲಿಲ್ಲ. ಭೂತಗನ್ನಡಿ ಕೈಯಾಗ ಕೊಟ್ಟು, "ಚಾರ್‌ಮಿನಾರದ ಬಾಗಲಾಗ ಏನದ ನೋಡು" ಅಂದ್ರು. ನೋಡಿದ್ರ ನಡು ಬಾಗಲಾಗ ಒಂದು ಉರ್ದು ಅಕ್ಷರ. "ಮೀಮ್ ಇದ್ರ ಮಹಬೂಬ್ ಅಲಿ ಖಾನ್, ಐನ್ ಇದ್ರ ಉಸ್ಮಾನ್ ಅಲಿ ಖಾನ್. 1911ರಾಗ ಅಪ್ಪ ತೀರಿ ಮಗ ಗಾದಿಗೆ ಬಂದ, ಬಾಗಲಾಗಿನ ಅಕ್ಷರ ಬದಲಾತು." ಆಮ್ಯಾಲ ಏಳು ಹಾಲಿಗೆ ಆರು ಕಲ್ದಾರ (ಬ್ರಿಟಿಷರ ರೂಪಾಯಿ) ಅಂತ ವಟ್ಟ ಹೆಂಗ ಹಾಕ್ತಿದ್ರು, 1959ರಾಗ ಅದು ಹೆಂಗ ಬಂದಾಯ್ತು, ಎಲ್ಲಾ ಚಹಾ ಕುಡಿಯೋದ್ರಾಗ ಹೇಳಿ ಮುಗಿಸಿದ್ರು. ಆ ಸಿಕ್ಕಾ ನಾ ಇನ್ನೂ ಮಾರಿಲ್ಲ.

ಇಂಥಾವು ಯಾವ ವಹಿಯಾಗೂ ಸಿಗಂಗಿಲ್ಲ. ಅವರ ಕಡಿಂದ ಕಲ್ತವರೆಲ್ಲಾರ ಮಾತೂ ರೆಕಾರ್ಡ್ ಮಾಡ್ಕೊಳ್ರಿ ಅಂತ ನನ್ನ ವಿನಂತಿ.

ಸನ್ನತಿ ಸಂಶೋಧಕಿ
ಎಲ್ಲರಿಗೂ ನೋವಾಗಿದೆ, ನನಗೂ ಆಗಿದೆ. ಆದರೂ ಒಂದು ಮಾತು ಹೇಳಲೇಬೇಕು. ಭೀಮಾ ದಂಡೆಯ ಹಳ್ಳಿಗಳಿಂದ ಬಂದ ಶಾತವಾಹನರ ಸೀಸದ ನಾಣ್ಯಗಳು ಮಾಸ್ತರರ ಹತ್ತಿರ ಇದ್ದವು. ಹೊಲ ಹೂಡುವಾಗ ಸಿಕ್ಕಿದ್ದನ್ನು ತಂದವರಿಂದ ಕೊಂಡದ್ದು. ಅದೇ ದಂಡೆಯ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ಅಶೋಕನ ಉಬ್ಬುಶಿಲ್ಪ, ಅದರ ಮೇಲೆ "ರಾಯೋ ಅಸೋಕೋ" ಅನ್ನುವ ಬರಹ ಸಮೇತ ಸಿಕ್ಕಿತು. ಯಾವುದು ಎಲ್ಲಿತ್ತು, ಅದರ ಜೊತೆಗೆ ಏನಿತ್ತು ಅಂತ ದಾಖಲಾದದ್ದರಿಂದ ಆ ಜಾಗದ ಚರಿತ್ರೆ ಬರೆಯಲು ಸಾಧ್ಯವಾಯಿತು. ಹೊಲದಿಂದ ನೇರ ಕಪಾಟಿಗೆ ಬಂದ ನಾಣ್ಯಕ್ಕೆ ಆ ಭಾಗ್ಯ ಇಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ 1962ರಿಂದ ರಾಜ್ಯದಲ್ಲಿ ಕಾಯ್ದೆಯೇ ಇದೆ. ಶ್ರದ್ಧಾಂಜಲಿಯಲ್ಲಿ ಇದನ್ನು ಬದಿಗಿಟ್ಟು ಬರೀ ಹೊಗಳಿದರೆ ನಾವು ನೆನೆಯುತ್ತಿರುವುದು ಬೇರೆ ಯಾರನ್ನೋ.

ಬೀದರ ಕಿಲ್ಲಾ
ತಂಗೀ, ತಿಂಗಳೂ ತುಂಬಿಲ್ಲ. ಈ ಮಾತಿಗೆ ಇದೇ ಹೊತ್ತು ಬೇಕಿತ್ತೇನು? ಮಾಸ್ತರ್ರು ಕೊಳ್ಳದಿದ್ರ ಆ ಸೀಸ ಎಲ್ಲಿ ಹೋಗ್ತಿತ್ತು ಹೇಳು. ಕರಗಿಸಿ ಮೀನು ಹಿಡಿಯೋ ಬಲೆಗೆ ಕಟ್ತಿದ್ರು. ತಾಮ್ರ ಗುಜರಿಗೆ, ಬೆಳ್ಳಿ ಸರಾಫರ ಮೂಸಿಗೆ. ಬಹಮನಿ ಟಂಕ, ಅಂದ್ರ ಬೆಳ್ಳಿ ನಾಣ್ಯ, ಕರಗಿ ಕಾಲುಂಗುರ ಆಗಿದ್ದು ನಾನೇ ಕಣ್ಣಾರೆ ನೋಡೀನಿ.

ಸನ್ನತಿ ಸಂಶೋಧಕಿ
ಅಣ್ಣಾ, ಉಳಿಸಿದ್ದು ನಿಜ, ತಿಳಿಸದೇ ಇದ್ದದ್ದೂ ನಿಜ. ಎರಡನ್ನೂ ಹೇಳೋಣ ಅನ್ನುತ್ತಿದ್ದೇನೆ. ಊರಿನ ಹೆಸರು ಬರೆದಿಟ್ಟವರು ನನಗೆ ಗೊತ್ತಿದ್ದಂತೆ ಅವರೊಬ್ಬರೇ. ಹಾಗಾಗಿ ವಹಿ ಅಚ್ಚಾಗಬೇಕು ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕಡೆಯ ಪುಟಗಳಿದ್ದರಂತೂ ಮೊದಲು ಅವೇ ಬರಲಿ. ರಾಷ್ಟ್ರಕೂಟರದ್ದೇ ಅಂತ ಗಟ್ಟಿಯಾಗಿ ಹೇಳಬಹುದಾದ ನಾಣ್ಯ ತೀರಾ ಕಡಿಮೆ. ಅಲ್ಲಿ ಸಿಕ್ಕ ಒಂದೊಂದು ಚೂರಿಗೂ ಊರಿನ ಹೆಸರು ಮುಖ್ಯ.

ಹಾಲಿ ಸಿಕ್ಕಾ, ಯಾದಗಿರಿ
ಅಚ್ಚು ಹಾಕೋ ಮುಂದ ಒಂದು ವಿಚಾರ ಮಾಡ್ರಿ. "ಯಾರು ತಂದ್ರು" ಅನ್ನೋ ಕಾಲಮ್ಮಿನ್ಯಾಗ ರೈತರ ಹೆಸರು ಅವ. ಅವರ ಮಕ್ಕಳು, ಮೊಮ್ಮಕ್ಕಳು ಅದೇ ಊರಾಗ ಅದಾರ. ನಾಳೆ ಪೊಲೀಸರು ಮನಿ ಮುಂದ ಬಂದು ನಿಂತ್ರ ಯಾರು ಜವಾಬು ಕೊಡ್ತೀರಿ? ಹೊಲದ ಸರ್ವೇ ನಂಬರ ಹಾಕಿದ್ರಂತೂ ಅಮಾಸಿ ರಾತ್ರಿ ನಿಧಿ ಅಗಿಯೋ ಮಂದಿ ಹಾರೆ-ಗುದ್ದಲಿ ಹಿಡ್ಕೊಂಡು ಬರ್ತಾರ. ಊರ ಹೆಸರು ಬರಲಿ, ಮಂದಿ ಹೆಸರು, ಹೊಲದ ಗುರುತು ಬ್ಯಾಡ.

ಮಾಸ್ತರ್ರ ಮಗಳು
ನಾನು ಅವರ ಮಗಳು. ಎಲ್ಲಾರದೂ ಓದಿದೆ. ಅಪ್ಪಾಜಿದು ದಿನಕರ್ಮ ಮುಗಿಯೋಕಿಂತ ಮೊದಲೇ ಒಬ್ಬ ವ್ಯಾಪಾರಿ ಮನಿಗೆ ಬಂದಿದ್ದ. ತಾಮ್ರದ್ದೆಲ್ಲಾ ಕಿಲೋ ಲೆಕ್ಕದಾಗ ಕೊಡ್ರಿ, ಲಕೋಟಿ ಕಿತ್ತು ಒಗೀರಿ, ಅದು ಕಸ ಅಂದ. ಐವತ್ತು ವರ್ಷ ಅಪ್ಪಾಜಿ ರಾತ್ರಿ ಊಟ ಆದ ಮ್ಯಾಲ ಕೂತು ಬರೆದ ಅಕ್ಷರ ಅವ. ಬಾಗಲಾ ತೋರಿಸಿ ಕಳಿಸಿದೆ.

ಸಂಶೋಧನಾ ಮಾಡೋ ತಂಗಿ ಮಾತಿನಿಂದ ನೋವಾತು, ಆದ್ರ ಅಕಿ ಬಾಯಿ ಮುಚ್ಚಿಸಬ್ಯಾಡ್ರಿ. ಇಷ್ಟು ಮಾತ್ರ ಸೇರಿಸ್ತೀನಿ: ತಂದವರಿಗೆ ಅಪ್ಪಾಜಿ ಮೊದಲ ಕಚೇರಿಗೆ ಹೋಗು ಅಂತಿದ್ರು. ಅಂಜಿ, ಎರಡು ದಿನಕ್ಕ ತಿರುಗಿ ನಮ್ಮ ಮನಿಗೇ ಬರ್ತಿದ್ರು. ಅಂಥವರ ಹೆಸರು ಅಚ್ಚಿನಾಗ ಬರಬಾರದು, ಯಾದಗಿರಿಯವರು ಹೇಳಿದ್ದು ಸರಿ ಅದ.

ಬೆಳ್ಳಿ ಪದಕ ಬ್ಯಾಡ್ರಿ. ನನ್ನ ಕಷ್ಟ ಬ್ಯಾರೇನೇ ಅದ. ಮೊದಲಿನ ವಹಿ ಎಲ್ಲಾ ಉರ್ದುದಾಗ ಅವ, ಅಪ್ಪಾಜಿ ನಿಜಾಮರ ಕಾಲದಾಗ ಸಾಲಿಗೆ ಹೋದವರು. ನನಗ ಓದಾಕ ಬರಂಗಿಲ್ಲ. ಪಕ್ಕದ ಮನಿ ಚಾಚಾನ ಕಡಿಂದ ಬಹಮನಿ ಸುಲ್ತಾನ ಫಿರೋಜ್ ಶಾನ ನಾಣ್ಯದ ಒಂದು ಪುಟ ಓದ್ಸಿ ಬರ್ಕೊಂಡೆ: "ಫಿರೋಜ್ ಶಾ. ಬೆಳ್ಳಿ ಟಂಕ. ಅಹಸನಾಬಾದ್ (ಕಲಬುರಗಿ) ಟಂಕಸಾಲಿ. ತೂಕ 11 ಮಾಸಿ, ಮ್ಯಾಲ ಸ್ವಲ್ಪ. ಅಂಚಿಗೆ ಸರಾಫನ ಉಳಿ ಗುರುತು. ಹಿಂಬದಿ ಕೊನೀ ಸಾಲು ಹಗಲ ಬೆಳಕಿನ್ಯಾಗ ಮತ್ತ ನೋಡಬೇಕು."

ಅಹಸನಾಬಾದ್
ಅಕ್ಕಾವರ, ಇದು ಓದಿ ಕೈ ಮುಗಿದೆ. ತೊಲಿಗೆ 12 ಮಾಸಿ, ತೊಲಿ ಅಂದ್ರ 11.66 ಗ್ರಾಂ. 11 ಮಾಸಿಗೆ ಹೆಚ್ಚೂ ಕಡಿಮಿ 10.7 ಆಗ್ತದ, ಅದರ ಮ್ಯಾಲ ಸ್ವಲ್ಪ. ಬಹಮನಿ ಟಂಕದ ತೂಕ ಸುಮಾರು 11 ಗ್ರಾಂ, ಸವೆದದ್ದು ಹಿಡಿದ್ರ ಸರಿಯಾಗಿ ಕೂಡ್ತದ. ಅಕ್ಕಸಾಲಿಗರ ತಕ್ಕಡಿಯಾಗ ತೂಗಿ ಇಷ್ಟು ಕರಾರುವಾಕ್ಕಾಗಿ ಬರ್ದಾರ! ಉರ್ದು ಓದೋದಕ್ಕ ದರ್ಗಾ ಕಡೆ ನಿವೃತ್ತ ಮಾಸ್ತರ್ ಒಬ್ಬರನ್ನ ಕೇಳ್ತೀನಿ. ಸ್ಕ್ಯಾನರ್ ನಂದು ಅದ.

ಬೀದರ ಕಿಲ್ಲಾ
ಸ್ಕ್ಯಾನ್ ಮಾಡ್ಲಿಕ್ಕ ನಾನೂ ಬರ್ತೀನಿ ಅಕ್ಕಾ. ಆದ್ರ ಪದಕದ ಮಾತು ಬಿಡಂಗಿಲ್ಲ. ಬೆಳ್ಳಿ ಬ್ಯಾಡಂದ್ರ ತಾಮ್ರದ್ದಾಗಲಿ, ಹುಡುಗರಿಗೆ ಏನರೆ ಕೈಗೆ ಸಿಗಬೇಕು.

ಸನ್ನತಿ ಸಂಶೋಧಕಿ
ಅಕ್ಕಾ, ನೋವು ಮಾಡುವ ಮನಸ್ಸಿರಲಿಲ್ಲ. ಕನ್ನಡಕ್ಕೆ ಇಳಿಸುವ ಕೆಲಸ ನನಗೆ ಕೊಡಿ. ನಾಣ್ಯಗಳು ಮನೆಯಲ್ಲೇ ಇರುತ್ತವೋ, ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗುತ್ತವೋ? ಲಕೋಟೆ, ನಾಣ್ಯ ಬೇರೆ ಬೇರೆ ಆಗದಿದ್ದರೆ ಸಾಕು.

ಮಾಸ್ತರ್ರ ಮಗಳು
ಅದನ್ನ ತಮ್ಮಂದಿರ ಸಂಗಡ ಕೂತು ಮಾತಾಡಬೇಕು, ಇನ್ನೂ ಒಬ್ಬೊಬ್ಬರದು ಒಂದೊಂದು ಮಾತು ಅದ. ವಹಿ ಕೆಲಸ ಅದಕ್ಕ ಕಾಯೋದು ಬ್ಯಾಡ. ರವಿವಾರ ಮುಂಜಾನೆ ಹತ್ತಕ್ಕ ಬರ್ರಿ, ಊಟ ನಮ್ಮಲ್ಲೇ.